ಐದು ಸಲ ಒತ್ತಬೇಕಾದ ಗುಂಡಿ

ಇನ್ವರ್‌ಕಾರ್ಗಿಲ್
ಆಗಸ್ಟ್ ತಿಂಗಳು, ಭಾನುವಾರ ಬೆಳಿಗ್ಗೆ

ಲಿನ್ಲೀ,

ಮಂಗಳವಾರ ನಿನ್ನನ್ನು ನನ್ನ ಅಂಗಡಿಯ ಹೊಸ್ತಿಲಿನಿಂದಲೇ ವಾಪಸು ಕಳಿಸಿದೆನಲ್ಲ, ಅದಕ್ಕೆ ಕ್ಷಮೆ ಕೇಳಲು ಅಕ್ಕ ಕಾಗದ ಬರೆದಿದ್ದಾಳೆ ಎಂದುಕೊಂಡಿದ್ದರೆ ಇದನ್ನು ಇಲ್ಲಿಗೇ ಮಡಚಿ ಒಲೆಗೆ ಹಾಕು. ಕ್ಷಮೆ ಕೇಳುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತು. ನಾಲ್ಕು ವರ್ಷದಿಂದ ಒಂದೇ ಬೀದಿಯ ಆ ಬದಿಗೆ ನೀನು, ಈ ಬದಿಗೆ ನಾನು, ಇಬ್ಬರೂ ಸಿಗರೇಟು ಬಿಡುವವರಿಗೆ ಹಬೆ ಸೇದುವ ವೇಪ್ ಯಂತ್ರ ಮಾರುತ್ತಾ ಕೂತಿದ್ದೇವೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಊರಿನವರು ಇದನ್ನು ವ್ಯಾಪಾರದ ಜಗಳ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ನಿಜವಾಗಿ ಯಾತರ ಜಗಳ ಎಂದು ನಿನಗೂ ನಾನು ಹೇಳಿಲ್ಲ. ಈಗ ಹೇಳುತ್ತೇನೆ, ಪೂರ್ತಿ ಓದು. ನಡುವೆ ಎದ್ದು ಹೋಗಬೇಡ, ಚಿಕ್ಕಂದಿನಿಂದಲೂ ನಿನಗೆ ಆ ಚಾಳಿ ಇದೆ.

ಸೆಲ್ವಿನ್ ಸಿಗರೇಟು ಬಿಡಬೇಕೆಂದು ನಿನ್ನ ಅಂಗಡಿಗೆ ಬಂದ ದಿನ ನಿನಗೆ ನೆನಪಿರಲಾರದು. ನಿನ್ನ ಪಾಲಿಗೆ ಅವನು ಆ ದಿನದ ಗಿರಾಕಿಗಳಲ್ಲಿ ಒಬ್ಬ, ಅಷ್ಟೆ. ನನಗೆ ಗಂಡ. ಆರು ವರ್ಷದ ಹಿಂದಿನ ಜುಲೈ, ನಡುಚಳಿಗಾಲ, ಆಲಿಕಲ್ಲು ಅಡ್ಡಡ್ಡ ಹೊಡೆಯುತ್ತಿದ್ದ ದಿನ. ಬೆಳಿಗ್ಗೆಯೇ ಸ್ನಾನ ಮಾಡಿ, ಗಡ್ಡ ಕೆರೆದು, ಮದುವೆಗೆ ಸಾವಿಗೆ ಎಂದು ಎತ್ತಿಟ್ಟಿದ್ದ ನೀಲಿ ಸ್ವೆಟರ್ ಹಾಕಿಕೊಂಡು ಹೊರಟ. "ವೇಪ್ ತಗೊಳ್ಳೋಕೆ ಯಾರಾದ್ರೂ ಇಷ್ಟು ಸಿಂಗಾರ ಮಾಡ್ಕೋತಾರಾ?" ಎಂದು ನಾನು ಛೇಡಿಸಿದೆ. "ನಲವತ್ಮೂರು ವರ್ಷದ ಗೆಳೆಯನ್ನ ಮಣ್ಣು ಮಾಡೋಕೆ ಹೋಗ್ತಿದೀನಿ ಕಣೇ ರೇವಿನ್, ನೀಟಾಗಿ ಹೋಗ್ಬೇಡ್ವಾ?" ಎಂದ.

ಸಿಗರೇಟೆಂಬ ಆ ಗೆಳೆಯ ಸಾಮಾನ್ಯದವನಲ್ಲ. ಮಾಂಸದ ಕಾರ್ಖಾನೆಯಲ್ಲಿ ಗರಗಸಕ್ಕೆ ಸಿಕ್ಕು ಸೆಲ್ವಿನ್‌ನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಹೋಗಿದ್ದವಲ್ಲ, ಆಮೇಲೆ ಎಡಗೈ ಒಂದರಲ್ಲೇ ತಂಬಾಕು ಸುತ್ತಲು ಕಲಿತ. ನೋಡುವವರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಕಾರ್ಖಾನೆಯಲ್ಲಿ ಚಹಾದ ಬಿಡುವಿಗೆ ಇವತ್ತಿಗೂ ಸ್ಮೋಕೊ ಎಂದೇ ಹೆಸರು. ಸೇದದವರೂ ಸ್ಮೋಕೊಗೆ ಹೋಗುತ್ತಾರೆ. ಆ ಶೆಡ್ಡಿನ ಬೆಂಚಿನ ಮೇಲೆ ಅವನ ಮೂವತ್ತು ವರ್ಷ ಕಳೆದಿತ್ತು. ಅಂಥವನಿಗೆ ಡಾಕ್ಟರು ಚಿತ್ರ ತೋರಿಸಿ, ನಿನ್ನ ಶ್ವಾಸಕೋಶ ಅರ್ಧ ಹೋಗಿದೆ, ಇನ್ನರ್ಧ ಉಳಿಸಿಕೊಳ್ಳುವುದು ನಿನಗೆ ಬಿಟ್ಟಿದ್ದು ಎಂದರು. ಅವನು ಹೆದರಿದ್ದು ಸಾವಿಗಲ್ಲ. ಪ್ರತಿ ಏಪ್ರಿಲ್‌ನಲ್ಲಿ ಅವರ ಮನೆತನದವರು ಹಡಗು ಹತ್ತಿ ಟೀಟೀ ಎಂಬ ಕಡಲಹಕ್ಕಿ ಹಿಡಿಯಲು ಅವರದೇ ಹಕ್ಕಿನ ದ್ವೀಪಕ್ಕೆ ಹೋಗುತ್ತಾರಲ್ಲ, ಆ ವರ್ಷ ಅರ್ಧ ಗುಡ್ಡಕ್ಕೇ ಅವನು ಕೂತುಬಿಟ್ಟಿದ್ದ. ಹಕ್ಕಿ ತುಂಬಿದ ಅವನ ಬಕೆಟ್ಟನ್ನು ಬೇರೆಯವರು ಹೊತ್ತರು. "ಬರೋ ಏಪ್ರಿಲ್‌ಗೆ ನನ್ನ ಬಕೆಟ್ ನಾನೇ ಹೊರ್ಬೇಕು. ಅದಕ್ಕೆ ಉಸಿರು ಬೇಕು. ಹೊರಗಿನವರ ಹತ್ರ ಯಾಕೆ ಹೋಗ್ಲಿ, ನಮ್ಮ ಲಿನ್ ಇದ್ದಾಳಲ್ಲ" ಎಂದು ನಿನ್ನ ಹತ್ತಿರ ಬಂದ. ನಮ್ಮ ಲಿನ್ ಎಂದ, ಕೇಳಿಸಿತಾ?

ನೀನು ಅವನಿಗೆ ಏನು ಕೊಟ್ಟೆ ಎಂದು ನಾನೇ ಹೇಳುತ್ತೇನೆ. ಇಟ್ಟಿಗೆಯಷ್ಟು ಭಾರದ, ಬಣ್ಣಬಣ್ಣದ ದೀಪ ಹೊತ್ತಿಕೊಳ್ಳುವ, ಪರದೆಯ ಮೇಲೆ ಅಂಕಿ ಕುಣಿಯುವ ಯಂತ್ರ. ಹೊಸದು ಬಂದ ಮೇಲೆ ನಿನ್ನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಹಳೇ ಸರಕು. ಅದರ ಜೊತೆಗೆ ನಿನ್ನ ಅಂಗಡಿಯಲ್ಲೇ ಎಲ್ಲಕ್ಕಿಂತ ಹೆಚ್ಚು ನಿಕೋಟಿನ್ ಇದ್ದ ಬಾಟಲಿ, ಐವತ್ತರ ಬಲದ್ದು, ಐಸು ಹಾಕಿದ ದ್ರಾಕ್ಷಿಯ ರುಚಿ. ಅವನು ಮನೆಗೆ ಬಂದು ಹೆಮ್ಮೆಯಿಂದ ಹೇಳಿದ: "ಲಿನ್ ಅಂದ್ಲು, ಸೆಲ್, ನಿನ್ನಂಥ ಭಾರೀ ಸೇದುಗಾರನಿಗೆ ಭಾರೀ ಮಷೀನೇ ಬೇಕು, ಭಾರೀ ಸ್ಟ್ರಾಂಗೇ ಬೇಕು, ಚಿಕ್ಕಪುಟ್ಟದ್ದು ನಿನಗೆ ಎಲ್ಲಿ ಸಾಕಾಗುತ್ತೆ ಅಂತ." ಅದನ್ನು ಹೊಗಳಿಕೆ ಅಂದುಕೊಂಡಿದ್ದ ಪಾಪ.

ಮಧ್ಯಾಹ್ನದ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಕೂತ. ಚಾಲೂ ಆಗಬೇಕಾದರೆ ಪಕ್ಕದ ಗುಂಡಿಯನ್ನು ಪಟಪಟನೆ ಐದು ಸಲ ಒತ್ತಬೇಕು. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಜೇಬಿನಲ್ಲಿ ತಾನಾಗಿ ಹೊತ್ತಿಕೊಳ್ಳದಿರಲಿ ಎಂದು ಮಾಡಿದ್ದು. ಸೆಲ್ವಿನ್ ಬಲಗೈಯ ಮೊಂಡು ಬೆರಳಿನಲ್ಲಿ ಒತ್ತಿದ. ಎರಡು, ಮೂರು, ಜಾರಿತು. ಮತ್ತೆ ಒಂದು, ಎರಡು, ಮೂರು, ನಾಲ್ಕು, ತಡವಾಯಿತು, ಪರದೆ ಆರಿತು. ಎಡಗೈಗೆ ಬದಲಾಯಿಸಿದ. ಚಳಿಗಾಲ, ಗಂಟುಗಳು ಬಾತಿದ್ದವು, ಅಲ್ಲಿಯೂ ಆಗಲಿಲ್ಲ. ಅವನು ಸಿಟ್ಟಾಗಲಿಲ್ಲ ಲಿನ್ಲಿ, ನಾಚಿಕೊಂಡ. ನನ್ನ ಮುಂದೆ, ಮೂವತ್ತೈದು ವರ್ಷ ಸಂಸಾರ ಮಾಡಿದ ನನ್ನ ಮುಂದೆ ನಾಚಿಕೊಂಡ. ಕೊನೆಗೆ ನಾನೇ ಒತ್ತಿ ಕೊಟ್ಟೆ. ನೀನು ಅವನಿಗೆ ಪೊಟ್ಟಣ ಕಟ್ಟಿಕೊಟ್ಟಾಗ ಅದನ್ನು ತೆಗೆದುಕೊಳ್ಳಲು ಅವನು ಚಾಚಿದ್ದು ಅದೇ ಕೈಯನ್ನು. ಒಂದೇ ಒಂದು ಸಲ ನೋಡಲಿಲ್ಲವಲ್ಲ ನೀನು!

ಆಮೇಲೆ ಎಳೆದ. ಇಷ್ಟು ಭಾರೀ ಯಂತ್ರಕ್ಕೆ ಅಷ್ಟೇ ಭಾರೀ ಎಳೆತ ಬೇಕೇನೋ ಎಂದು ಎದೆ ತುಂಬ ಎಳೆದ. ಮುಖ ಬಿಳಿಚಿತು, ಹಣೆಯಲ್ಲಿ ಬೆವರು, ಕೈ ಗಡಗಡ. ಅಡುಗೆಮನೆಯ ಸಿಂಕಿಗೆ ವಾಂತಿ ಮಾಡಿ ಅಲ್ಲೇ ನೆಲದ ಮೇಲೆ ಅಂಗಾತ ಮಲಗಿಬಿಟ್ಟ. "ಎದೆ ಒಡೆದುಹೋಗುತ್ತೆ ಕಣೇ" ಎಂದ. ನಾನು ಒದ್ದೆ ಬಟ್ಟೆ ಹಾಕುತ್ತಾ ಕೂತೆ. ಎರಡು ದಿನ ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಿದ, ಅದೇ ಗತಿ. ಆಮೇಲೆ ಮೂರನೇ ಸಲ, ನಾಲ್ಕನೇ ಸಲ. ಇದು ಊರಲ್ಲಿ ಯಾರಿಗೂ ಗೊತ್ತಿಲ್ಲ. ವಾಂತಿ ಬರುತ್ತದೆ ಎಂದು ಗೊತ್ತಿದ್ದೂ ಆ ಮನುಷ್ಯ ಬಕೆಟ್ ಪಕ್ಕದಲ್ಲಿಟ್ಟುಕೊಂಡು ನಾಲ್ಕು ಸಲ ಕೂತ. ನಿನ್ನ ಹತ್ತಿರ ಬಂದು ಕೇಳಿಯೂ ಕೇಳಿದ. ನೀನೇನಂದೆ? "ಗಟ್ಟಿಯಾಗು ಸೆಲ್, ಗಂಡಸಲ್ವಾ, ಅಭ್ಯಾಸ ಆಗುತ್ತೆ." ನಮ್ಮ ಊರಲ್ಲಿ ಕಾಲು ಮುರಿದವನಿಗೂ ಇದನ್ನೇ ಹೇಳುತ್ತಾರೆ. ಅವನು ಗಟ್ಟಿಯಾಗಲು ಇನ್ನೊಮ್ಮೆ ಕೂತ. ಐದನೇ ಸಲದ ನಂತರ ಡಬ್ಬಿಯನ್ನು ನಾನೇ ಬಟ್ಟೆ ಒಗೆಯುವ ಕೋಣೆಯ ಮೇಲಿನ ಕಪಾಟಿಗೆ ಎಸೆದೆ. ಅವನು ತಂಬಾಕಿನ ಚೀಲ ತೆಗೆದು ಎಡಗೈಯಲ್ಲಿ ಒಂದು ಸುತ್ತಿದ.

ಏಪ್ರಿಲ್‌ನಲ್ಲಿ ದ್ವೀಪಕ್ಕೆ ಹೋದ, ಗುಡ್ಡ ಹತ್ತಲಿಲ್ಲ. ಕೆಳಗಿನ ಗುಡಿಸಲಿನಲ್ಲಿ ಕೂತು ಬೇರೆಯವರು ತಂದ ಹಕ್ಕಿಯ ಪುಕ್ಕ ಕೀಳುತ್ತಿದ್ದ. ಅದರ ಮುಂದಿನ ಚಳಿಗಾಲಕ್ಕೆ ಹೋಗಿಬಿಟ್ಟ.

ಇಷ್ಟಕ್ಕೇ ಆಗಿದ್ದರೆ ನಿನ್ನನ್ನು ಬಿಟ್ಟುಬಿಡುತ್ತಿದ್ದೆನೇನೋ. ತಿಳಿಯದೆ ತಪ್ಪು ಕೊಟ್ಟಳು ಅಂದುಕೊಂಡು ಅತ್ತು ಸುಮ್ಮನಾಗುತ್ತಿದ್ದೆ. ಆದರೆ ಮಣ್ಣು ಮಾಡಿ ಬಂದ ಮೇಲೆ ರಗ್ಬಿ ಕ್ಲಬ್ಬಿನ ಸಭಾಂಗಣದಲ್ಲಿ ಚಹಾ ಕೊಟ್ಟರಲ್ಲ, ಅಲ್ಲಿ ನೀನು ಒಂದು ಕೈಯಲ್ಲಿ ಸಾಸೇಜ್ ರೋಲು, ಒಂದು ಕೈಯಲ್ಲಿ ಕಪ್ಪು ಹಿಡಿದು ಹೊಹೆಪಾನ ಮುಂದೆ ನಿಂತಿದ್ದೆ. ಸೆಲ್ವಿನ್‌ನ ಪಕ್ಕದಲ್ಲಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಚಾಕು ಹಿಡಿದ ಹೊಹೆಪಾ, ಅಳು ತಡೆಯಲಾಗದೆ ಗೋಡೆ ನೋಡುತ್ತಿದ್ದ. ನಾನು ಟೀಪಾಟು ಹಿಡಿದು ನಿನ್ನ ಬೆನ್ನ ಹಿಂದೆಯೇ ಇದ್ದೆ. ನೀನು ಹೇಳಿದೆ: "ಪಾಪ, ಏನ್ ಮಾಡೋಕಾಗುತ್ತೆ. ನಾನೇ ಒಳ್ಳೇ ಮಷೀನ್ ಕೊಟ್ಟಿದ್ದೆ. ಬಿಡೋ ಮನಸ್ಸಿದ್ರೆ ತಾನೇ? ಕೆಲವ್ರು ಬಿಡೋ ಜನ ಅಲ್ಲ ಬಿಡು." ಸುತ್ತ ಇದ್ದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಬಿಸಿ ಚಹಾವನ್ನು ನಿನ್ನ ಕುತ್ತಿಗೆಗೆ ಸುರಿಯಬೇಕು ಅನ್ನಿಸಿತ್ತು. ಸುರಿಯಲಿಲ್ಲ, ಅವನ ದಿನ ಅದು.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಸ್ಮೋಕೊ ಶೆಡ್ಡಿಗೆ ಹೋಯಿತು, ಕ್ಲಬ್ಬಿಗೆ ಹೋಯಿತು. ಸಿಗರೇಟು ಬಿಡುತ್ತೇನೆ ಎಂದು ಯಾರಾದರೂ ಹೊರಟರೆ, "ಏಯ್, ಸೆಲ್ವಿನ್ ಕಥೆ ಆಗುತ್ತೆ ನೋಡು" ಎಂದು ನಗುವಷ್ಟಾಯಿತು. ಬಕೆಟ್ ಪಕ್ಕದಲ್ಲಿಟ್ಟುಕೊಂಡು ಐದು ಸಲ ಕೂತವನ ಹೆಸರು ಮನಸ್ಸಿಲ್ಲದವನ ಹೆಸರಾಯಿತು. ಗಂಡನನ್ನು ಕಳೆದುಕೊಂಡ ಸಂಕಟ ಒಂದು ತೂಕವಾದರೆ ಇದೇ ಒಂದು ತೂಕ. ನಿಜ ಹೇಳಲಾ? ಎಷ್ಟೋ ದಿನ ನಾನೂ ಅದನ್ನು ನಂಬಿದ್ದೆ. ಅವನು ಇನ್ನೂ ಸ್ವಲ್ಪ ಮನಸ್ಸು ಮಾಡಿದ್ದರೆ ಎಂದು ಖಾಲಿ ಕುರ್ಚಿಯನ್ನು ಬೈದಿದ್ದೆ. ಆ ಪಾಪವನ್ನು ನನ್ನಿಂದ ಮಾಡಿಸಿದವಳು ನೀನು.

ಕಣ್ಣು ತೆರೆದದ್ದು ಡನೀಡಿನ್‌ನಲ್ಲಿ. ಯಾವುದೋ ಕೆಲಸಕ್ಕೆ ಹೋದವಳು ಆ ಡಬ್ಬಿಯನ್ನು ಅಲ್ಲಿಯ ಒಂದು ವೇಪ್ ಅಂಗಡಿಗೆ ಒಯ್ದೆ, ಮಾರಲಾದರೂ ಆಗುತ್ತದೇನೋ ಎಂದು. ಗಡ್ಡದ, ದಪ್ಪನೆಯ ಅಂಗಡಿಯವನು ಯಂತ್ರ ನೋಡಿದ, ಬಾಟಲಿ ನೋಡಿದ, ನನ್ನ ಮುಖ ನೋಡಿದ. "ಇವೆರಡನ್ನೂ ಒಟ್ಟಿಗೆ ಕೊಟ್ಟಿದ್ದು ಯಾರಮ್ಮಾ?" ಎಂದ. ಯಾಕೆ ಎಂದೆ. "ಇದು ಎದೆಗೆ ಎಳೆಯೋ ಮಷೀನು, ಹಬೆಯ ಮೋಡ ಬಿಡೋರಿಗೆ. ಒಂದೇ ದಮ್ಮಿಗೆ ಒಂದು ಕೋಣೆ ತುಂಬುತ್ತೆ. ಇದಕ್ಕೆ ಮೂರರ ಬಲದ್ದು ಹಾಕ್ಬೇಕು. ಐವತ್ತರದ್ದು ಚಿಕ್ಕ ಮಷೀನಿಗೆ, ಸಿಗರೇಟಿನ ಹಾಗೆ ಬಾಯಲ್ಲಿ ಸಣ್ಣಗೆ ಎಳೆಯೋದಕ್ಕೆ. ಐವತ್ತರದ್ದನ್ನ ಇದಕ್ಕೆ ಹಾಕಿದ್ರೆ ಕುದುರೇನೂ ಬಿದ್ದುಹೋಗುತ್ತೆ. ಸೇದಿದೋರು ಹುಷಾರಾಗಿದಾರಾ?" ಡಬ್ಬಿ ಎತ್ತಿಕೊಂಡು ಹೊರಗೆ ಬಂದೆ. ಕಾರಿನಲ್ಲಿ ಕೂತು ಒಂದು ಗಂಟೆ ಅತ್ತೆ. ಸಂಕಟಕ್ಕಲ್ಲ, ಸಮಾಧಾನಕ್ಕೆ. ಅವನಿಗೆ ಮನಸ್ಸಿತ್ತು. ಅಳು ಮುಗಿದ ಮೇಲೆ ನಿನ್ನ ನೆನಪಾಯಿತು.

ನೀನು ಬೇಕೆಂದು ಮಾಡಿದ್ದಲ್ಲ, ನನಗೆ ಗೊತ್ತು. ನೀನು ಆ ಹೊತ್ತಿಗೆ ಯಾವುದು ಕಪಾಟಿನಿಂದ ಖಾಲಿಯಾದರೆ ಸಾಕು ಎಂದು ಯೋಚಿಸುತ್ತಿದ್ದೆ. ಬೇಕೆಂದು ಮಾಡಿದ್ದರೆ ಸಿಟ್ಟು ಇಷ್ಟು ಉಳಿಯುತ್ತಿರಲಿಲ್ಲವೇನೋ.

ಆಮೇಲಿನದು ನಿನಗೆ ಗೊತ್ತು, ನಿನ್ನ ಕಿಟಕಿಯಿಂದಲೇ ನೋಡಿದ್ದೀಯ. ನಿನ್ನ ಎದುರಿಗೆ ಮುಚ್ಚಿಹೋಗಿದ್ದ ಮೀನು-ಚಿಪ್ಸ್ ಅಂಗಡಿಯನ್ನು ಹಿಡಿದೆ. ಕೊಬ್ಬಿನ ವಾಸನೆ ಹೋಗಲು ಮೂರು ತಿಂಗಳು ಉಜ್ಜಿದೆ. ಈಗ ಸರಕು ಹೊರಗೆ ಕಾಣಬಾರದು ಎಂದು ಕಾನೂನು, ನನ್ನ ಗಾಜನ್ನು ಮಾತ್ರ ಮೊದಲ ದಿನದಿಂದಲೇ ಮುಚ್ಚಿಟ್ಟಿದ್ದೇನೆ. ಹೊರಗೆ ಹೆಸರೊಂದೇ. ಅದಕ್ಕೆ ಬೋರ್ಡಿನವನಿಗೆ, ಅಕ್ಷರ ಎಷ್ಟು ದೊಡ್ಡದು ಆಗುತ್ತೋ ಅಷ್ಟು ದೊಡ್ಡದು ಮಾಡು ಎಂದೆ. 'ಸೆಲ್ವಿನ್ಸ್'. ಹಾಕುವ ಮೊದಲು ರಸ್ತೆ ದಾಟಿ ಬಂದು ನಿನ್ನ ಗಲ್ಲಾದ ಕುರ್ಚಿ ಎಲ್ಲಿದೆ ಎಂದು ಕಿಟಕಿಯಲ್ಲಿ ಇಣುಕಿ, ಅಲ್ಲಿಂದ ನೇರ ಕಣ್ಣಿಗೆ ಬೀಳುವ ಎತ್ತರವನ್ನು ಅಳೆದುಕೊಂಡು ಹೋಗಿದ್ದೆ. ನೀನು ಎಷ್ಟು ಸಲ ಕುರ್ಚಿ ಜರುಗಿಸಿದೆ ಎಂದೂ ಬಲ್ಲೆ. ಎಲ್ಲಿ ಜರುಗಿಸಿದರೂ ಕಾಣುತ್ತದೆ, ನಾನು ಎಲ್ಲ ಕಡೆಯಿಂದಲೂ ನೋಡಿದ್ದೇನೆ.

ಮತ್ತೆ ನಿನ್ನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕಿತ್ತುಕೊಂಡೆ. ಅಗ್ಗಕ್ಕೆ ಮಾರಿ ಕಿತ್ತುಕೊಳ್ಳಲಿಲ್ಲ, ಅದು ನನಗೆ ಅವಮಾನ. ನೋಡಿ ಕಿತ್ತುಕೊಂಡೆ. ನನ್ನ ಅಂಗಡಿಗೆ ಬಂದವರಿಗೆ ಮೊದಲು ಯಂತ್ರ ತೋರಿಸುವುದಿಲ್ಲ, ಒಂದು ಕಾಗದದ ಸ್ಟ್ರಾ ಕೊಡುತ್ತೇನೆ. "ಇದು ನಿಮ್ಮ ಸಿಗರೇಟು ಅಂದ್ಕೊಳ್ಳಿ, ದಿನಾ ಹೇಗೆ ಎಳೀತೀರೋ ಹಾಗೆ ಎಳೀರಿ." ಎಲ್ಲರೂ ನಗುತ್ತಾರೆ, ನಕ್ಕು ಎಳೆಯುತ್ತಾರೆ. ಕೆನ್ನೆ ಒಳಗೆ ಹೋದರೆ ಬಾಯಲ್ಲಿ ಎಳೆಯುವವರು, ಭುಜ ಮೇಲೆ ಎದ್ದರೆ ಎದೆಗೆ ಎಳೆಯುವವರು. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆಮೇಲೆ ಕೈ ತೋರಿಸಿ ಅನ್ನುತ್ತೇನೆ. ಬೆರಳು ನೋಡುತ್ತೇನೆ. ಕೆಲಸದಲ್ಲಿ ಕೈಗವಸು ಹಾಕಿಕೊಳ್ಳುತ್ತೀರಾ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹೊತ್ತಿಸುತ್ತೀರಿ, ಚಾರ್ಜಿಗೆ ಹಾಕಲು ಮರೆಯುವ ಪೈಕಿಯಾ ಎಂದು ಕೇಳುತ್ತೇನೆ. ಸಿಗರೇಟನ್ನೇ ಸೇದದವರು ಬಂದರೆ ಬಾಗಿಲು ತೋರಿಸುತ್ತೇನೆ. ಇದೇನು ಅಮೃತವಲ್ಲ, ವಿಷ ಬಿಡಿಸಲು ಇರುವ ಸಣ್ಣ ವಿಷ.

ನಿನ್ನ ಅಂಗಡಿಯ ಹಿಂದಿನ ಮನೆಯ ಥೆಲ್ಮಾ ಬಂದದ್ದು ನೆನಪಾದರೆ ಈಗಲೂ ನಗು. ಎಪ್ಪತ್ತೆಂಟು ವರ್ಷ, ಸಂಧಿವಾತ. ತೀರಿದ ಮೇಲೆ ಬಿಸಾಡುವಂಥ ವೇಪುಗಳು ನಿಷೇಧವಾದ ವಾರ ಎಲ್ಲರೂ ದಾರಿ ತಪ್ಪಿದ ಕುರಿಗಳ ಹಾಗೆ ಓಡಾಡುತ್ತಿದ್ದರಲ್ಲ, ಆಗ. ನೀನು ಮಾರಿದ್ದ ಹೊಸ ಯಂತ್ರವನ್ನು ನನ್ನ ಮೇಜಿನ ಮೇಲೆ ಕುಕ್ಕಿ, "ಇದ್ರಲ್ಲಿ ದೀಪ ಬರುತ್ತೆ, ನಡುಕ ಬರುತ್ತೆ, ಹೊಗೆ ಒಂದು ಬಿಟ್ಟು ಎಲ್ಲಾ ಬರುತ್ತೆ. ನಿನ್ ತಂಗಿ ನಂಗೆ ಕ್ರಿಸ್‌ಮಸ್ ಮರ ಮಾರಿದಾಳೆ ಕಣಮ್ಮ" ಎಂದಳು. ನಾನು ಅವಳಿಗೆ ಗುಂಡಿಯೇ ಇಲ್ಲದ, ಬಾಯಿಗಿಟ್ಟು ಎಳೆದರೆ ತಾನೇ ಹೊತ್ತಿಕೊಳ್ಳುವ ಪುಟ್ಟದೊಂದನ್ನು ಕೊಟ್ಟೆ. ಮುಚ್ಚಳ ಬಿಚ್ಚಿ ದ್ರವ ತುಂಬುವುದು ಅವಳ ಕೈಲಾಗದು, ಆದ್ದರಿಂದ ತುಂಬಿಯೇ ಬರುವ ಡಬ್ಬಿ, ಹಳೆಯದನ್ನು ಕಿತ್ತು ಹೊಸದನ್ನು ಚುಚ್ಚಿದರಾಯಿತು. ಮರುವಾರ ಬಂದು ಚೀಸ್ ರೋಲಿನ ತಟ್ಟೆ ಇಟ್ಟು, "ಏಳು ದಿನ ಆಯ್ತು" ಎಂದಳು. ಈಗ ಎಣಿಸುವುದನ್ನೇ ಬಿಟ್ಟಿದ್ದಾಳೆ.

ಆಮೇಲೆ ಒಂದು ದಿನ ಹೊಹೆಪಾ ಬಂದ. ಸ್ಟ್ರಾ ಎಳೆದು, ಕೈ ತೋರಿಸಿ, "ನಾನೂ ಬಿಡೋ ಜನ ಅಲ್ಲ ಕಣೇ ರೇ, ಸೆಲ್ ಹಾಗೇನೇ. ಸುಮ್ನೆ ನಿನ್ನ ವ್ಯಾಪಾರಕ್ಕೆ ಅಂತ ಬಂದೆ" ಎಂದ. ನಾನು ಅವನಿಗೆ ಸೆಲ್ವಿನ್‌ಗೆ ಕೊಡಬೇಕಾಗಿದ್ದನ್ನೇ ಕೊಟ್ಟೆ. ಸಿಗರೇಟಿನಷ್ಟೇ ಬಿಗಿಯಾಗಿ ಎಳೆಯುವಂಥದ್ದು, ಬೆರಳಿನಿಂದ ಏನೂ ಒತ್ತಬೇಕಿಲ್ಲ, ಕೊಬ್ಬು ಮೆತ್ತಿದ ಕೈಯಲ್ಲೂ ಜಾರುವುದಿಲ್ಲ, ತಂಬಾಕಿನ ರುಚಿ. ಈ ತಿಂಗಳಿಗೆ ಅವನು ಸಿಗರೇಟು ಮುಟ್ಟಿ ಎರಡು ವರ್ಷವಾಯಿತು. ಕಳೆದ ಏಪ್ರಿಲ್‌ನಲ್ಲಿ ಸೆಲ್ವಿನ್ ಮನೆಯವರ ಜೊತೆ ದ್ವೀಪಕ್ಕೆ ಹೋಗಿ ಬಂದು ಒಂದು ಬಕೆಟ್ ಉಪ್ಪು ಹಾಕಿದ ಹಕ್ಕಿ ನನ್ನ ಬಾಗಿಲಿಗಿಟ್ಟು, "ಇದು ಸೆಲ್‌ದು. ನಾನೇ ಹೊತ್ತೆ, ಕೂರಲಿಲ್ಲ" ಎಂದಷ್ಟೇ ಹೇಳಿ ಹೋದ. ಅವನು ಹೋದ ಮೇಲೆ ನಾನು ಬಾಗಿಲಲ್ಲೇ ನಿನ್ನ ಅಂಗಡಿಯ ಕಡೆಗೆ ನೋಡುತ್ತಾ ನಿಂತಿದ್ದೆ. ಗಿರಾಕಿ ಒಬ್ಬರೂ ಒಳಗೆ ಹೋಗಲಿಲ್ಲ, ಹೊರಗೆ ಬರಲಿಲ್ಲ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಅಂಗಡಿ ಮುಚ್ಚುತ್ತಿದ್ದೇನೆ ಎಂದು ನೀನು ಕಾಗದ ಅಂಟಿಸಿದ ದಿನ ನಾನು ಆಫ್ಗನ್ ಬಿಸ್ಕತ್ತು ತಿನ್ನುತ್ತಾ ಆ ಕಾಗದವನ್ನು ನನ್ನ ಬಾಗಿಲಿನಿಂದಲೇ ಎರಡು ಸಲ ಓದಿದೆ.

ಆಮೇಲೆ ಮಂಗಳವಾರ ನೀನು ಬಂದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ರಸ್ತೆ ದಾಟಿದೆ. ಬೆಳಿಗ್ಗೆ ಹನ್ನೊಂದು, ಮೂರೇ ಮೆಟ್ಟಿಲು, ಎರಡನೆಯದಕ್ಕೆ ನಿಂತು ಕಂಬ ಹಿಡಿದುಕೊಂಡೆ. ಆ ಶಿಳ್ಳೆಯಂಥ ಉಸಿರನ್ನು ನಾನು ಕಣ್ಣು ಮುಚ್ಚಿಯೂ ಗುರುತಿಸಬಲ್ಲೆ, ಒಂದೂವರೆ ವರ್ಷ ಅದರ ಪಕ್ಕದಲ್ಲೇ ಮಲಗಿದವಳು ನಾನು. ನೀನು ಹಿಂದಿನ ಗಲ್ಲಿಯಲ್ಲಿ ಕಸದ ಡಬ್ಬಗಳ ನಡುವೆ ನಿಂತು ಕದ್ದು ಸಿಗರೇಟು ಸೇದುತ್ತೀಯ ಎಂದು ಥೆಲ್ಮಾ ಹೇಳಿದ್ದಳು. "ಅಂಗಡಿ ತುಂಬಾ ವೇಪು, ಬಾಯ್ತುಂಬಾ ಸಿಗರೇಟು" ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ. ನೀನು ಹೇಳಿದೆ: "ರೇ, ಸೆಲ್‌ಗೆ ಹೇಳಿದ್ನೇ ನಂಗೂ ಹೇಳಿದ್ರು ಕಣೇ ಡಾಕ್ಟ್ರು. ನನ್ನ ಅಂಗಡೀಲಿರೋದೆಲ್ಲಾ ಸೇದಿ ನೋಡ್ದೆ, ಯಾವ್ದೂ ಹಿಡಿಸ್ತಿಲ್ಲ. ನೀನು ಎಲ್ರಿಗೂ ಸರಿಯಾದ್ದು ಆರಿಸಿ ಕೊಡ್ತೀಯಂತೆ. ನಂಗೂ ಒಂದು ಆರಿಸಿಕೊಡು."

ನಾನೇನು ಹೇಳಿದೆ ಎಂದು ನಿನಗೆ ಮರೆತಿರಲಾರದು. ನಾಲ್ಕು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು, ನಿನ್ನದೇ ಮಾತು. "ಏನ್ ಮಾಡೋಕಾಗುತ್ತೆ ಲಿನ್. ಕೆಲವ್ರು ಬಿಡೋ ಜನ ಅಲ್ಲ." ನಿನ್ನ ಮುಖ ನೋಡಿದೆ. ಅದು ಎಲ್ಲಿಂದ ಬಂದ ಮಾತು ಎಂದು ನಿನಗೆ ಹೊಳೆಯಿತು, ಆ ಕ್ಷಣ ನಾನು ಕಂಡೆ. ನೀನು ಮೆಟ್ಟಿಲಿಳಿದು ಹೋದೆ. ನಾನು ಒಳಗೆ ಹೋಗಿ ಕೆಟಲ್ ಹಾಕಿದೆ. ಸೇಡು ತೀರಿತು ಎಂದುಕೊಂಡೆ. ಎಷ್ಟು ಹಾಯಾಗಿತ್ತು ಗೊತ್ತಾ, ಎದೆಯ ಮೇಲಿನ ಕಲ್ಲು ಇಳಿಸಿದ ಹಾಗೆ.

ಕೆಟಲ್ ಕುದಿಯುವ ಮೊದಲೇ ಆ ಹಾಯಿ ಹೋಯಿತು. ಅಯ್ಯೋ ತಂಗಿ ಎಂಬ ಮರುಕದಿಂದ ಎಂದುಕೊಳ್ಳಬೇಡ. ನಾನು ಎಂಥ ಪೆದ್ದಿ ಎಂದು ಹೊಳೆಯಿತು, ಅದಕ್ಕೆ. ನೀನು ಹೀಗೇ ಸೇದುತ್ತಾ ಸತ್ತರೆ ಏನಾಗುತ್ತದೆ? ಅದೇ ಕ್ಲಬ್ಬಿನ ಸಭಾಂಗಣ, ಅದೇ ಸಾಸೇಜ್ ರೋಲು. ಯಾರೋ ಒಬ್ಬರು ಕಪ್ಪು ಹಿಡಿದು, "ಪಾಪ, ವೇಪ್ ಅಂಗಡಿ ಇಟ್ಟೋಳಿಗೇ ಬಿಡೋಕಾಗ್ಲಿಲ್ಲ, ಕೆಲವ್ರು ಬಿಡೋ ಜನ ಅಲ್ಲ ಬಿಡು" ಅನ್ನುತ್ತಾರೆ. ನಿನ್ನ ಮಾತು ಗೆಲ್ಲುತ್ತದೆ. ಸತ್ತು ಗೆಲ್ಲುತ್ತೀಯ ನೀನು. ಸೆಲ್ವಿನ್ ಶಾಶ್ವತವಾಗಿ ಮನಸ್ಸಿಲ್ಲದವನಾಗಿ ಉಳಿಯುತ್ತಾನೆ. ಸಾಲದ್ದಕ್ಕೆ ನನ್ನ ಬಾಯಿಂದಲೇ ಆ ಮಾತನ್ನು ಇನ್ನೊಮ್ಮೆ ಆಡಿಸಿ ಹೋಗಿರುತ್ತೀಯ. ಇದಕ್ಕಾಗಿಯೇ ನಾನು ಕೊಬ್ಬಿನ ಗೋಡೆ ಉಜ್ಜಿದ್ದಾ?

ಹಾಗಾಗಿ ಈ ಕಾಗದದ ಜೊತೆ ಒಂದು ಡಬ್ಬಿ ಕಳಿಸಿದ್ದೇನೆ. ಬಿಟ್ಟಿ ಕೊಡುವುದು ಕಾನೂನಿಗೆ ವಿರುದ್ಧ, ಅದಕ್ಕೇ ನನ್ನ ಅಂಗಡಿಯಲ್ಲಿ ನಾನೇ ಗಿರಾಕಿಯಾಗಿ ಕೊಂಡೆ. ನಿನಗೆ ಸ್ಟ್ರಾ ಕೊಟ್ಟು ನೋಡಬೇಕಾಗಿಲ್ಲ. ಹದಿನಾಲ್ಕು ವರ್ಷದವಳಿದ್ದಾಗ ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಹಿಂದೆ ನಿಂತು ಅಪ್ಪನಿಗೆ ಹೆದರಿ ನೀನು ಹೇಗೆ ಎಳೆಯುತ್ತಿದ್ದೆ ಎಂದು ಕಾವಲು ಕಾದವಳು ನಾನು. ಪುಟ್ಟದಾಗಿ, ಅವಸರವಾಗಿ ಮೂರು ಎಳೆತ, ಆಮೇಲೆ ಬಚ್ಚಿಡುವುದು. ನಲವತ್ತೈದು ವರ್ಷವಾದರೂ ನಿನ್ನ ಎಳೆತ ಬದಲಾಗಿಲ್ಲ, ಥೆಲ್ಮಾ ನಟಿಸಿ ತೋರಿಸಿದಾಗಲೇ ಗುರುತಿಸಿದೆ. ನಿನಗೆ ಬಿಸಿಯಾಗಲು ತಡಮಾಡುವ ಯಂತ್ರ ಆಗದು, ಅಷ್ಟರಲ್ಲಿ ನಿನ್ನ ಮೂರು ಎಳೆತ ಮುಗಿದಿರುತ್ತದೆ. ಇದು ತುಟಿಗೆ ತಾಗಿದ ಕೂಡಲೇ ಕೊಡುತ್ತದೆ. ಬಿಗಿ ಎಳೆತ, ಬಲ ಜಾಸ್ತಿ, ಹಬೆ ಕಡಿಮೆ. ದಿನವೆಲ್ಲ ಒಂದೊಂದು ಹಣ್ಣಿನ ರುಚಿ ನೋಡಿ ನಿನ್ನ ನಾಲಿಗೆ ಸತ್ತಿದೆ. ಆದ್ದರಿಂದ ಸಿಹಿ ಇಲ್ಲದ ಕಂದು ತಂಬಾಕು, ಅದೊಂದೇ. ಬೇರೆಯದನ್ನು ಮುಟ್ಟಿದರೆ ಕೇಳು.

ಇನ್ನೂ ಒಂದು. ನೀನು ಗಲ್ಲಾದ ಹಿಂದೆ ಕೂತು ವೇಪ್ ಸೇದಿದೆ, ಗಲ್ಲಿಗೆ ಹೋಗಿ ಸಿಗರೇಟು ಸೇದಿದೆ. ನಿನಗೆ ಬೇಕಾಗಿದ್ದುದು ಹೊಗೆಯಷ್ಟೇ ಅಲ್ಲ, ಯಾರೂ ಕರೆಯದ ಐದು ನಿಮಿಷ. ಆದ್ದರಿಂದ ಇದನ್ನು ಗಲ್ಲಿಯಲ್ಲೇ ಸೇದು. ಚಳಿಯಾದರೂ ಸರಿ, ಕಸದ ಡಬ್ಬಗಳ ನಡುವೆಯೇ ನಿಂತು ಸೇದು. ದ್ರವ ತುಂಬಿದ ಮೇಲೆ ಹತ್ತಿ ನೆನೆಯಲು ಹತ್ತು ನಿಮಿಷ ಬಿಡು, ಇಲ್ಲದಿದ್ದರೆ ಗಂಟಲು ಸುಡುತ್ತದೆ. ಇದನ್ನು ಹತ್ತು ವರ್ಷದ ಅನುಭವದವಳಿಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಿನಗೆ ಕಾಯಲು ಬರುವುದಿಲ್ಲ.

ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ. ಔದಾರ್ಯ ಎಂದು ಯಾರ ಹತ್ತಿರವಾದರೂ ಅಂದೀಯ, ಜೋಕೆ. ನೀನು ಹಟಮಾರಿ, ಆಲಸಿ, ಅರ್ಧಕ್ಕೇ ಎದ್ದು ಹೋಗುವವಳು. ನೂರು ಸಲ ಬಿಟ್ಟು ನೂರಾ ಒಂದನೇ ಸಲ ಹೊತ್ತಿಸಿದವಳು. ಊರಲ್ಲಿ ನಿನಗಿಂತ ಕಡಿಮೆ ಮನಸ್ಸಿರುವವರನ್ನು ನಾನು ಕಂಡಿಲ್ಲ. ಅಂಥ ನೀನೇ ಬಿಟ್ಟರೆ, ಬಿಡಿಸಿದ್ದು ನಿನ್ನ ಮನಸ್ಸಲ್ಲ, ಕೈಗೆ ಸರಿಯಾದ್ದು ಸಿಕ್ಕಿದ್ದು ಎಂದು ಕುರುಡನಿಗೂ ಕಾಣುತ್ತದೆ. ಆಗ ಸೆಲ್ವಿನ್‌ಗೆ ಏನು ಸಿಕ್ಕಿರಲಿಲ್ಲ, ಯಾರು ಕೊಡಲಿಲ್ಲ ಎಂದು ಜನ ತಾವಾಗಿಯೇ ಕೇಳುತ್ತಾರೆ. ನೀನು ಉತ್ತರ ಹೇಳಬೇಕು. ಕ್ಲಬ್ಬಿನ ಸಭಾಂಗಣದಲ್ಲಿ, ಹೊಹೆಪಾನ ಮುಂದೆ, ನಿನ್ನ ಬಾಯಿಂದ, ಶಿಳ್ಳೆ ಹೊಡೆಯದ ಉಸಿರಿನಲ್ಲಿ. ನಾನು ಟೀಪಾಟು ಹಿಡಿದು ಪಕ್ಕದಲ್ಲೇ ಇರುತ್ತೇನೆ.

ಅದಕ್ಕಾಗಿ ನೀನು ಬದುಕಲೇಬೇಕು ಲಿನ್ಲಿ. ಸುಲಭವಾಗಿ ಸಾಯಲು ನಿನ್ನನ್ನು ಬಿಡುವುದಿಲ್ಲ. ನಿನ್ನ ಎದೆ ಹಗುರಾಗಲಿ, ಮೆಟ್ಟಿಲು ಹತ್ತುವಾಗ ಕಾಲು ನಿಲ್ಲದಿರಲಿ, ಪ್ರತಿ ಬೆಳಿಗ್ಗೆ ನಿನಗೆ ತುಂಬು ಉಸಿರು ಸಿಗಲಿ, ಸಿಕ್ಕ ಪ್ರತಿ ಉಸಿರಿಗೂ ಅವನಿಗೆ ಸಿಗಲಿಲ್ಲ ಎಂಬುದು ನೆನಪಾಗಲಿ. ತೊಂಬತ್ತು ವರ್ಷ, ನೂರು ವರ್ಷ ಬಾಳು.

ಸೆಲ್ವಿನ್‌ನ ಹೆಂಡತಿ,
ರೇವಿನ್